ನಮ್ಮ ಮನೆಯ ಸದ್ದಿಗೆ ಮಾಸ್ಟ್ರು ಇಟ್ಟ ಹೆಸರುಗಳು

ಪಂಪ್‌ವೆಲ್‌ನ ಫ್ಲೈಓವರಿನ ಕೆಳಗೆ ಮೊನ್ನೆ ಒಂದು ಟೆಂಪೋದಿಂದ ತಗಡಿನ ಶೀಟು ಜಾರಿ ಬಿತ್ತು. ಒಂದು ಶೀಟಲ್ಲ, ಹಗ್ಗ ಬಿಚ್ಚಿ ಇಡೀ ಕಟ್ಟೇ ಬಿತ್ತು. ಬಸ್ಸಿಗೆ ಕಾಯುತ್ತಿದ್ದವರೆಲ್ಲ ಕಿವಿ ಮುಚ್ಚಿಕೊಂಡರು, ಹಣ್ಣಿನ ಗಾಡಿಯವನು ಡ್ರೈವರನ ಮೇಲೆ ರೇಗಿದ, ಒಂದು ಮಗು ತಾಯಿಯ ಶಾಲಿನೊಳಗೆ ಮುಖ ಹುದುಗಿಸಿತು. ನಾನು ಮಾತ್ರ ಮುಖವನ್ನು ಆ ಕಡೆಗೇ ತಿರುಗಿಸಿ ನಿಂತೆ. ಸ್ವಲ್ಪ ಹೊತ್ತಿಗೆ ಮುಂಚೆಯಷ್ಟೇ ಕ್ಲಿನಿಕ್ಕಿನಲ್ಲಿ ನನ್ನ ಎರಡೂ ಕಿವಿಗೆ ಕೇಳುವ ಯಂತ್ರ ಹಾಕಿ ಕಳಿಸಿದ್ದರು. ಅದರೊಳಗೆ ಬಂದ ಮೊದಲ ದೊಡ್ಡ ಸದ್ದು ಇದು. ತಗಡು ನೆಲಕ್ಕೆ ಬಡಿದು, ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನಡುಗುತ್ತಾ ಹೋಗಿ, ಕೊನೆಗೆ ಎಳೆಯಷ್ಟು ತೆಳ್ಳಗಾಗಿ ಸಾಯುವ ಆ ಸದ್ದಿನ ಬೆನ್ನಿಗೇ ಬಿಸಿಲಿಗೆ ಕರಗಿದ ಡಾಂಬರಿನ ವಾಸನೆ ಬಂತು, ಬಾಪನ ಬನಿಯನ್ನಿನ ಬೆವರಿನ ವಾಸನೆ ಬಂತು, ಉಮ್ಮ ಅಡಿಗೆಮನೆಯಿಂದ ಕೂಗಿದ ಹಾಗಾಯಿತು. ನನ್ನ ಬಸ್ಸು ಬಂದು ಹೋಯಿತು, ಹತ್ತಲಿಲ್ಲ. ಇನ್ನೊಂದು ಬರ್ತದೆ. ಬಸ್ಸು ಬರುವ ಊರಿನಲ್ಲಿ ಇದ್ದೇನಲ್ಲ, ಅಲ್ಹಮ್ದುಲಿಲ್ಲಾ.

ಯಂತ್ರ ಹಾಕುವ ಮೊದಲು ಆ ಕ್ಲಿನಿಕ್ಕಿನ ಹುಡುಗಿ ಕೇಳಿದ್ದಳು, "ಚಿಕ್ಕಂದಿನಲ್ಲಿ ತುಂಬ ಸದ್ದು ಇರುವ ಕಡೆ ಇದ್ರಾ ಆಂಟಿ?" ಅಂತ. ನಾನು ಬಾಯಿ ತೆರೆಯುವ ಮೊದಲೇ ನನ್ನ ಮಗಳು ನಸೀಮಾ ಉತ್ತರ ಕೊಟ್ಟಳು. "ಅಜ್ಜನಿಗೆ ಡ್ರಮ್ ಬಡಿಯುವ ಕೆಲಸ. ಅದೂ ಮನೆಯ ಹಿಂದೆಯೇ. ಉಮ್ಮನ ಕಿವಿ ತಿಂದದ್ದು ಅಜ್ಜನೇ." ನಗ್ತಾನೇ ಹೇಳಿದಳು, ಕೆಟ್ಟ ಮನಸ್ಸಿನಿಂದ ಅಲ್ಲ. ಆ ಹುಡುಗಿಯೂ ನಕ್ಕು, ಏನೋ ಟೈಪ್ ಮಾಡಿಕೊಂಡಳು. ನಸೀಮಾ ಬ್ಯಾಂಕಿನ ಕೆಲಸಕ್ಕೆ ತಡ ಆಯಿತು ಅಂತ ನನ್ನನ್ನು ಬಸ್‌ಸ್ಟ್ಯಾಂಡಿಗೆ ಬಿಟ್ಟು ಹೋದಳು. ನನಗೆ ಅಲ್ಲಿ ಉತ್ತರ ಕೊಡಲಿಕ್ಕೆ ಆಗಲಿಲ್ಲ. ಇಲ್ಲಿ ಕೊಡ್ತೇನೆ. ಕಿವಿ ಹೋದದ್ದು ಹೌದು, ಸುಳ್ಳು ಹೇಳಿ ನನಗೆ ಎಂತ ಆಗಬೇಕು. ಆದರೆ ನನ್ನ ಬಾಪ ತಿಂದರು ಅಂತ ಹೇಳಬಾರದು. ಆ ಮನೆಯ ಸದ್ದಿಗೆ ಸಾಕ್ಷಿ ಹೇಳುವವರು ಈಗ ನಾನೊಬ್ಬಳೇ ಉಳಿದದ್ದು. ನಿಮ್ಮ ಮನೆಯೂ ಹೀಗೆ ಯಾರೋ ಒಬ್ಬರ ಬಾಯಲ್ಲಿ ಒಂದೇ ಮಾತಿನಲ್ಲಿ ಮುಗಿದು ಹೋಗಿದ್ದರೆ ನಿಮಗೆ ನನ್ನ ಸಂಕಟ ಗೊತ್ತಾಗ್ತದೆ.

ನಮ್ಮ ಮನೆ ಬೈಕಂಪಾಡಿಯಲ್ಲಿತ್ತು. ಆಗಿನ್ನೂ ಅಲ್ಲಿ ಅರ್ಧ ಫ್ಯಾಕ್ಟರಿ, ಅರ್ಧ ಗದ್ದೆ. ಹಂಚಿನ ಮನೆ, ಬಲಕ್ಕೆ ಬಾವಿ, ಹಿಂದೆ ಬಾಪನ ಶೆಡ್ಡು. ರಸ್ತೆ ಕೆಲಸದವರು ಬಿಟ್ಟುಹೋದ ಡಾಂಬರಿನ ಡ್ರಮ್ಮುಗಳನ್ನು ಬಾಪ ತರಿಸಿ, ಮುಚ್ಚಳ ಕತ್ತರಿಸಿ, ಹೊಟ್ಟೆ ಸೀಳಿ, ಕಲ್ಲಿನ ಮೇಲೆ ಮಲಗಿಸಿ, ಮರದ ಸುತ್ತಿಗೆಯಲ್ಲಿ ಬಡಿದು ಬಡಿದು ಚಪ್ಪಟೆ ಮಾಡುತ್ತಿದ್ದರು. ಆ ತಗಡಿನಿಂದ ಮೀನಿನ ಪೆಟ್ಟಿಗೆ, ಗೂಡಂಗಡಿಯ ಗೋಡೆ, ಬಚ್ಚಲಿನ ಬಾಗಿಲು, ಏನು ಕೇಳಿದರೆ ಅದು. ಕೆಲಸಕ್ಕೆ ಇಬ್ಬರು ಆಳುಗಳಿದ್ದರು. ಬೆಳಿಗ್ಗೆ ನಾವು ಮದ್ರಸದಿಂದ ಬರುವ ಹೊತ್ತಿಗೆ ಮೂರು ಸುತ್ತಿಗೆಗಳು ಒಂದರ ಹಿಂದೆ ಒಂದು ಬೀಳುತ್ತಿದ್ದವು. ಅಡಿಗೆಮನೆಯ ಗೋಡೆಯಲ್ಲಿ ತೂಗಿದ ಸೌಟುಗಳು ಅದಕ್ಕೆ ಸರಿಯಾಗಿ ಅಲ್ಲಾಡುತ್ತಿದ್ದವು. ಬಾಪನ ಕಿವಿ ಆಗಲೇ ಅರ್ಧ ಹೋಗಿತ್ತು. ಅವರಿಗೆ ಕೇಳಬೇಕಲ್ಲ ಅಂತ ಉಮ್ಮ ಗಟ್ಟಿಯಾಗಿ ಮಾತಾಡಿ ಅಭ್ಯಾಸ ಮಾಡಿಕೊಂಡಳು, ಉಮ್ಮನನ್ನು ಕೇಳಿ ನಾನೂ ಅಕ್ಕ ಝೊಹರಾಳೂ ಹಾಗೇ ಕಲಿತೆವು. ನಮ್ಮ ಮನೆಯಲ್ಲಿ ಗುಟ್ಟು ಅನ್ನುವುದೇ ಇರಲಿಲ್ಲ. ಉಪ್ಪು ಕಡಿಮೆ ಆದರೆ ರಸ್ತೆಯವರಿಗೂ ಗೊತ್ತಾಗುತ್ತಿತ್ತು. ಅಕ್ಕನಿಗೆ ಜ್ವರ ಬಂದರೆ, ಉಮ್ಮ ಬಾಪನಿಗೆ ಹೇಳುವ ಹೊತ್ತಿಗೆ ಆಚೆ ಮನೆಯವರು ಕಷಾಯ ಕಾಯಿಸಲಿಕ್ಕೆ ಇಟ್ಟಾಗಿರುತ್ತಿತ್ತು.

ಆಚೆ ಮನೆ ಅಂದರೆ ಶೆಟ್ಟಿ ಮಾಸ್ಟ್ರ ಮನೆ. ನಮ್ಮ ಜಾಗ ಒಂದು ಕಾಲದಲ್ಲಿ ಅವರ ಕುಟುಂಬದ ಗದ್ದೆಯೇ ಆಗಿತ್ತಂತೆ. ಮಾಸ್ಟ್ರು ಹೈಸ್ಕೂಲಿನಲ್ಲಿ ಇಂಗ್ಲೀಷು ಕಲಿಸಿ ರಿಟೈರಾದವರು. ಜೀವಮಾನವೆಲ್ಲ ಮಕ್ಕಳ ಗಲಾಟೆ ಕೇಳಿ ಸಾಕಾಗಿ, ಇನ್ನು ಓದಿಕೊಂಡು ಇರುತ್ತೇನೆ ಅಂತ ಜಗಲಿಯಲ್ಲಿ ಆರಾಮಕುರ್ಚಿ ಹಾಕಿಕೊಂಡರು. ಆ ಕುರ್ಚಿಗೂ ಬಾಪನ ಕಲ್ಲಿಗೂ ನಡುವೆ ಇದ್ದದ್ದು ಸೊಂಟದೆತ್ತರದ ಒಂದು ಗೋಡೆ. ಅವರ ಜೊತೆ ಬಾಪನ ಮಾತೆಲ್ಲ ತುಳುವಿನಲ್ಲಿ. ಸಿಟ್ಟು ಬಂದಾಗ ಮಾತ್ರ ಮಾಸ್ಟ್ರ ಬಾಯಲ್ಲಿ ಇಂಗ್ಲೀಷು ಬರುತ್ತಿತ್ತು. ಸುತ್ತಿಗೆ ಒಂದು ಕ್ಷಣ ನಿಲ್ಲುವುದನ್ನೇ ಕಾದು, ಮುಂಡು ಎತ್ತಿಕಟ್ಟಿ ಗೋಡೆಯ ಹತ್ತಿರ ಬಂದು, "ವಾಟ್ ಎ ಡಿನ್, ಮೋನಬ್ಬ," ಅನ್ನುತ್ತಿದ್ದರು. ಬಾಪ ಸಲಾಂ ಹೇಳಿ, ಅವರು ಒಳಗೆ ಹೋದ ಮೇಲೆ ನನ್ನನ್ನು ಕರೆಯುತ್ತಿದ್ದರು. ಮನೆಯಲ್ಲಿ ಇಂಗ್ಲೀಷು ಓದುತ್ತಿದ್ದವಳು ನಾನು.

"ಖತೀಜಾ, ಮಾಸ್ಟ್ರು ಎಂತ ಹೇಳಿದ್ದು?"

"ಸದ್ದು ಅಂತ, ಬಾಪ."

ಕೆಲವು ದಿನ ಬಿಟ್ಟು ಮಾಸ್ಟ್ರು ಮತ್ತೆ ಬಂದರು. ಈ ಸಲ "ರ‍್ಯಾಕೆಟ್" ಅಂದರು. ಬಾಪ ಮತ್ತೆ ಕೇಳಿದರು, ನಾನು ಮತ್ತೆ ಸದ್ದು ಅಂದೆ.

"ಮೊನ್ನೆಯದ್ದು ಬೇರೆ ಅಲ್ವಾ?"

"ಅದೂ ಸದ್ದೇ."

ಬಾಪ ಸುತ್ತಿಗೆಯನ್ನು ಮಡಿಲಲ್ಲಿಟ್ಟುಕೊಂಡು ತುಂಬ ಹೊತ್ತು ಯೋಚನೆ ಮಾಡಿದರು. ಆಮೇಲೆ ಆಳುಗಳ ಕಡೆ ತಿರುಗಿ, "ನೋಡಿದ್ರಾ, ನಮ್ಮ ಸುತ್ತಿಗೆಗೆ ಇಂಗ್ಲೀಷಿನವರ ಹತ್ರ ಎಷ್ಟು ಹೆಸರು ಉಂಟು," ಅಂದರು. ಬೈಗುಳ ಅಂತ ಅವರಿಗೆ ಗೊತ್ತಿರಲಿಲ್ಲ ಅಂತಲ್ಲ. ಗೊತ್ತಿತ್ತು. ಆದರೆ ಬೈಯುವುದಕ್ಕೂ ಒಬ್ಬ ಮನುಷ್ಯ ಇಷ್ಟು ಶ್ರಮಪಡುತ್ತಾನೆ ಅನ್ನುವುದರ ಮೇಲೆ ಅವರಿಗೆ ಮರ್ಯಾದೆ ಇತ್ತು.

ಮಾಸ್ಟ್ರು ಒಂದು ಪದವನ್ನು ಎರಡನೇ ಸಲ ತರುತ್ತಿರಲಿಲ್ಲ. ನಾನು ಎಲ್ಲದಕ್ಕೂ ಸದ್ದು, ಸದ್ದು ಅನ್ನುವುದು ಅವರ ಕಿವಿಗೆ ಬಿತ್ತು, ನಮ್ಮ ಮನೆಯಲ್ಲಿ ಆಡಿದ್ದು ಅವರ ಕಿವಿಗೆ ಬೀಳದೆ ಹೋಗುವುದು ಹೇಗೆ. ನನ್ನನ್ನು ಗೋಡೆಯ ಹತ್ತಿರ ಕರೆದು ನಿಲ್ಲಿಸಿದರು. "ಎಂತ ಮಾರಾಯ್ತಿ, ಎಲ್ಲವನ್ನೂ ಒಂದೇ ಗೋಣಿಗೆ ತುಂಬಿಸ್ತೀಯಲ್ಲ," ಅಂತ ಶುರು ಮಾಡಿ, ಒಂದೊಂದನ್ನೇ ಬಿಡಿಸಿ ಹೇಳಿದರು. ಡಿನ್ ಅಂದರೆ ನಿಲ್ಲದೆ ಕಿವಿಗೆ ಬಡಿಯುತ್ತಲೇ ಇರುವುದು. ರ‍್ಯಾಕೆಟ್ ಅಂದರೆ ಪಕ್ಕದಲ್ಲಿ ಮನುಷ್ಯರು ಇದ್ದಾರೆ ಅನ್ನುವ ಖಬರು ಇಲ್ಲದೆ ಮಾಡುವುದು. ಕ್ಲಾಮರ್ ಅಂದರೆ ಹಲವರು ಒಟ್ಟಿಗೆ ಏನನ್ನೋ ಬೇಡಿ ಕೂಗುವುದು. ಕ್ಲ್ಯಾಟರ್ ಅಂದರೆ ಪಾತ್ರೆಗೆ ಪಾತ್ರೆ ತಾಗುವುದು. ಕೆಕಾಫನಿ ಅನ್ನುವುದನ್ನು ನನ್ನ ಬಾಯಲ್ಲಿ ಎಷ್ಟು ಸಲ ಹೇಳಿಸಿದರೋ. ಅಕ್ಕಿಯಲ್ಲಿ ಕಲ್ಲು ಸಿಕ್ಕಿದ ಹಾಗೆ ಆಗುತ್ತಿತ್ತು ನನಗೆ. ಒಂದು ದಿನ ಪ್ಯಾಂಡೆಮೋನಿಯಂ ಅಂತ ಬಂತು. ಅರ್ಥ ಕೇಳಿದರೆ, ಸೈತಾನರೆಲ್ಲ ಸೇರುವ ಮನೆ ಅಂದರು. ನಾನು ಹೋಗಿ ಉಮ್ಮನಿಗೆ ಹಾಗೆಯೇ ಹೇಳಿದೆ. ಉಮ್ಮ ಅಕ್ಕಿರೊಟ್ಟಿ ತಟ್ಟುತ್ತಿದ್ದ ಕೈ ನಿಲ್ಲಿಸಿ, ಅಸ್ತಗ್‌ಫಿರುಲ್ಲಾ ಅಂದು, ಕಿಟಕಿಯಿಂದಲೇ ಗೋಡೆಯಾಚೆಗೆ ಕೇಳಿಸಿದಳು: "ಮಾಸ್ಟ್ರೇ, ಬಿಸ್ಮಿ ಹೇಳದೆ ಈ ಮನೆಯಲ್ಲಿ ಒಂದು ಬಾಗಿಲೂ ತೆಗೆಯುವುದಿಲ್ಲ. ಸೈತಾನ ಬಂದರೆ ನಿಮ್ಮ ಜಗಲಿಗೆ ಬರಬೇಕು. ಅಲ್ಲಿ ಜಾಗ ಉಂಟು, ತಂಪೂ ಉಂಟು." ಸಂಜೆ ಅದೇ ಉಮ್ಮ ಬಾಳೆಲೆಯಲ್ಲಿ ಅಕ್ಕಿರೊಟ್ಟಿ ಸುತ್ತಿ, ಸೈತಾನರ ಮನೆಯಿಂದ ಅಂತ ಹೇಳಿ ಕೊಟ್ಟು ಬಾ ಅಂತ ನನ್ನನ್ನು ಕಳಿಸಿದಳು. ಮಾಸ್ಟ್ರು ತೆಗೆದುಕೊಂಡರು.

ನಾನು ಆ ಪದಗಳನ್ನೆಲ್ಲ ಮನೆಯೊಳಗೆ ಹಂಚಿಬಿಟ್ಟೆ. ಡಿನ್ ಬಾಪನಿಗೆ. ಕ್ಲ್ಯಾಟರ್ ಉಮ್ಮನ ಅಲ್ಯೂಮಿನಿಯಂ ಪಾತ್ರೆಗಳಿಗೆ. ಉಪವಾಸದ ತಿಂಗಳಲ್ಲಿ ಸಂಜೆಯ ಮಗ್ರಿಬ್ ಬಾಂಗಿಗೆ ಕಾದು ಕೂತು, ಖರ್ಜೂರದ ತಟ್ಟೆ ಬಂದ ಕೂಡಲೇ ಅತ್ತೆಯ ಮಕ್ಕಳೂ ನಾವೂ ಎಬ್ಬಿಸುತ್ತಿದ್ದ ಗಲಾಟೆಗೆ ಕ್ಲಾಮರ್. ಬಾವಿಗೆ ಕೊಡ ಇಳಿಸುವಾಗ ರಾಟೆ ಕಿರುಚುವುದಕ್ಕೆ ಮಾಸ್ಟ್ರು ಹೆಸರು ಕೊಟ್ಟಿರಲಿಲ್ಲ. ಹಾಗಾಗಿ ಅದು ಹೆಸರಿಲ್ಲದೆ ಉಳಿಯಿತು, ಇವತ್ತಿಗೂ ನನ್ನೊಳಗೆ ಹಾಗೇ ಉಂಟು. ಶಾಲೆಯಲ್ಲಿ ನನಗೆ ಇಂಗ್ಲೀಷಿನಲ್ಲಿ ನೆಟ್ಟಗೆ ಒಂದು ವಾಕ್ಯ ಬರೆಯಲಿಕ್ಕೆ ಬರುತ್ತಿರಲಿಲ್ಲ. ಆದರೆ ಸದ್ದಿನ ವಿಷಯದಲ್ಲಿ ಟೀಚರಿಗಿಂತ ನನ್ನ ಹತ್ತಿರ ಹೆಚ್ಚು ಪದ ಇತ್ತು.

ಒಂದು ಬೇಸಿಗೆ ಮಾಸ್ಟ್ರ ತಾಳ್ಮೆ ಮುಗಿಯಿತು. ರಸ್ತೆ ಅಗಲ ಮಾಡುವ ಕೆಲಸ ನಡೆಯುತ್ತಿತ್ತು, ಲಾರಿ ತುಂಬ ಡ್ರಮ್ಮು ಬರುತ್ತಿತ್ತು, ಬಾಪ ಬೆಳಕು ಹರಿದದ್ದೇ ಶುರು ಮಾಡುತ್ತಿದ್ದರು. ಮಾಸ್ಟ್ರು ಕಚೇರಿಗೆ ಹೋಗಿ, ಮನೆಗಳ ನಡುವೆ ಇಂಥ ಶೆಡ್ಡು ಇರಬಾರದು, ಮುಚ್ಚಿಸಬೇಕು ಅಂತ ದೂರು ಕೊಟ್ಟರು. ಕೊಟ್ಟು ಬಂದು ಅವರೇ ಗೋಡೆಯ ಹತ್ತಿರ ನಿಂತು ಬಾಪನಿಗೆ ಹೇಳಿದರು, ಹಿಂದಿನಿಂದ ಮಾಡುವ ಮನುಷ್ಯ ಅವರಲ್ಲ. ಆ ದಿನ ಉಮ್ಮ ಊಟಕ್ಕೆ ಕೂರಲಿಲ್ಲ. ಶೆಡ್ಡು ಮುಚ್ಚಿದರೆ ಬೇರೆ ಕಡೆ ಜಾಗ ಇಲ್ಲ, ಬಾಪನಿಗೆ ಬೇರೆ ಕೆಲಸ ಗೊತ್ತಿಲ್ಲ, ಕಿವಿ ಕೇಳದವರನ್ನು ಕೆಲಸಕ್ಕೆ ಇಟ್ಟುಕೊಳ್ಳುವವರು ಯಾರು. ಬಾಪ ಮಾತ್ರ, "ಅನ್ನ, ರಿಜ್ಕ್ ಕೊಡುವವನು ಮೇಲೆ ಇದ್ದಾನೆ, ಕಚೇರಿಯಲ್ಲಿ ಅಲ್ಲ," ಅಂದು ಮೀನು ಗಸಿಗೆ ಮತ್ತೊಂದು ಸೌಟು ಅನ್ನ ಹಾಕಿಸಿಕೊಂಡರು.

ಪರಿಶೀಲನೆಗೆ ಬಂದ ಸಾಹೇಬರು ಘಟ್ಟದ ಮೇಲಿನವರು. ಬಯಲುಸೀಮೆಯ ಕನ್ನಡ ಬಿಟ್ಟರೆ ತುಳುವೂ ಗೊತ್ತಿಲ್ಲ, ನಮ್ಮ ಬ್ಯಾರಿ ಮಾತಂತೂ ಮೊದಲೇ ಇಲ್ಲ. ಜೀಪು ನಿಂತದ್ದು ಕಂಡದ್ದೇ ಬಾಪ ಆಳುಗಳಿಗೆ ಕೈಸನ್ನೆ ಮಾಡಿ ಸುತ್ತಿಗೆ ನಿಲ್ಲಿಸಿದರು. ಹೆದರಿ ಅಲ್ಲ. ಮನೆಗೆ ಬಂದವರು ಕೂತಿರುವಷ್ಟು ಹೊತ್ತು ಸುತ್ತಿಗೆ ಎತ್ತಬಾರದು ಅನ್ನುವುದು ಅವರ ಉಮ್ಮ ಹಾಕಿಕೊಟ್ಟ ಕ್ರಮ. ಬಂದವರ ಕೈಯ ಲೋಟದಲ್ಲಿ ಚಹಾ ನಡುಗಬಾರದಂತೆ. ನೆಂಟರು ಬಂದರೂ ಅಷ್ಟೇ, ಹಾವಾಡಿಗ ಬಂದರೂ ಅಷ್ಟೇ. ಸಾಹೇಬರನ್ನು ಮಂಚದ ಮೇಲೆ ಕೂರಿಸಿದರು. ಸದ್ದು ನಿಂತದ್ದು ನೋಡಿ ಮಾಸ್ಟ್ರು ಗೋಡೆ ಸುತ್ತಿಕೊಂಡು ಬಂದೇಬಿಟ್ಟರು.

"ಬಡಿ ಮೋನಬ್ಬ. ಅವರು ಕೇಳಲಿಕ್ಕೇ ಬಂದದ್ದು."

"ಹೇಗೆ ಬಡಿಯುವುದು ಮಾಸ್ಟ್ರೇ, ಮನೆಗೆ ಬಂದವರು ಕೂತಿದ್ದಾರೆ. ನೀವೂ ಕೂತ್ಕೊಳ್ಳಿ."

"ನಾನು ದೂರು ಕೊಟ್ಟವ ಮಾರಾಯ."

"ದೂರು ಕೊಟ್ಟವರಿಗೆ ಚಹಾ ಇಲ್ಲ ಅಂತ ಉಂಟಾ?"

ಮಾಸ್ಟ್ರು ಕೂತರು. ಸುತ್ತಿಗೆಯ ಸದ್ದು ಇಲ್ಲದ ಆ ಹಗಲು ನನಗೆ ಇನ್ನೂ ನೆನಪುಂಟು, ಬಾವಿಕಟ್ಟೆಯ ಮೇಲೆ ಕಾಗೆ ಕಾಲಿಡುವುದೂ ಕೇಳುತ್ತಿತ್ತು. ಆದರೆ ನಾವು ಇದ್ದೆವಲ್ಲ. ಉಮ್ಮ ಅಡಿಗೆಮನೆಯಿಂದ, ಸಾಹೇಬರಿಗೆ ಚಹಾ ಸಾಕಾ, ಊಟ ಮಾಡಿಸಿಯೇ ಕಳಿಸಬೇಕು ಅಂತ ಕೇಳಿದಳು. ಬಾಪ, ಊಟ ಇಲ್ಲದೆ ಕಳಿಸುವುದು ಹೇಗೆ, ಅಕ್ಕಿ ಇಡು ಅಂದರು. ಅಕ್ಕ ಬಾವಿಕಟ್ಟೆಯಿಂದ, ಅಂಜಲ್ ಮೀನು ತೊಳೆದಾಯ್ತು, ಹುರಿಯುವುದಾ ಗಸಿಯಾ ಅಂತ ಕೇಳಿದಳು. ಎರಡೂ ಮಾಡು ಅಂತ ಉಮ್ಮ. ಹೌದು ಎರಡೂ ಅಂತ ಬಾಪ. ಮೂವರೂ ಬ್ಯಾರಿಯಲ್ಲಿ ಹೇಳುತ್ತಿದ್ದದ್ದು ಒಂದೇ ಮಾತು. ನಮಗೆ ಅದು ಮೆಲ್ಲನೆಯ ಮಾತೇ ಆಗಿತ್ತು. ಸಾಹೇಬರು ಮಾತ್ರ ಲೋಟ ಕೆಳಗಿಟ್ಟು ಎದ್ದೇ ನಿಂತರು.

"ನಮ್ಮ ಸಲುವಾಗಿ ಜಗಳಾ ಆಡಬ್ಯಾಡ್ರಿ," ಅಂದರು.

ಬಾಪನಿಗೆ ಕೇಳಲಿಲ್ಲ, "ಆಂ?" ಅಂದರು. ಆ "ಆಂ" ಕೇಳಿ ಸಾಹೇಬರು ಇನ್ನೂ ಒಂದು ಹೆಜ್ಜೆ ಹಿಂದೆ ಸರಿದರು. ಆಮೇಲೆ ಮಾಸ್ಟ್ರ ಕಡೆ ತಿರುಗಿ, ಇಲ್ಲಿ ಶೆಡ್ಡಿನ ಸದ್ದಂತೂ ಏನೂ ಕೇಳಿಸಲಿಲ್ಲ, ತೊಂದರೆ ಇರುವುದು ಈ ಮನೆಯವರ ಜಗಳದ್ದು, ಹಾಗೇ ಬರೆದು ಠಾಣೆಗೆ ಕಳಿಸುತ್ತೇನೆ, ಅವರೇ ಇವರನ್ನು ಇಲ್ಲಿಂದ ಎಬ್ಬಿಸುತ್ತಾರೆ ಅಂದರು. ಪೆನ್ನು ತೆಗೆದು, "ಡಿಸ್ಕಾರ್ಡ್ ಅಂತ ಹಾಕಲೇನ್ರಿ ಮಾಸ್ತರ?" ಅಂತ ಕೇಳಿದರು.

ನನಗೆ ಆ ಪದ ಗೊತ್ತಿತ್ತು. ಗೋಡೆಯ ಹತ್ತಿರದ ಪಾಠದಲ್ಲಿ ಒಂದು ಸಲ ಬಂದಿತ್ತು: ಇದು ಕಿವಿಯ ಸದ್ದಷ್ಟೇ ಅಲ್ಲ, ಮನಸ್ಸುಗಳು ಒಂದಕ್ಕೊಂದು ಕೂಡದೆ ಇರುವುದು, ಜಾಗ್ರತೆಯಿಂದ ಬಳಸಬೇಕು ಅಂತ ಮಾಸ್ಟ್ರು ಹೇಳಿದ್ದರು. ಈಗ ಅವರು ಒಂದು ಸಲ ತಲೆ ಆಡಿಸಿದ್ದರೆ ಸಾಕಿತ್ತು. ಅವರು ಕೇಳಿದ್ದಕ್ಕಿಂತ ಹೆಚ್ಚೇ ಸಿಗುತ್ತಿತ್ತು. ಶೆಡ್ಡೂ ಹೋಗುತ್ತಿತ್ತು, ಜಗಳಗಂಟರ ಮನೆ ಅನ್ನುವ ಹೆಸರಿನ ಜೊತೆ ನಾವೂ ಹೋಗುತ್ತಿದ್ದೆವು. ನಾನು ಬಾಗಿಲಿನ ಹಿಂದೆ ನಿಂತು ಮದ್ರಸದಲ್ಲಿ ಕಲಿತ ಆಯತ್ತುಗಳಲ್ಲಿ ಬಾಯಿಗೆ ಬಂದದ್ದು ಹೇಳಿಕೊಂಡೆ. ಮಾಸ್ಟ್ರು ಕೈಯ ಲೋಟವನ್ನು ಮಂಚದ ಮೇಲಿಟ್ಟು ಎದ್ದರು. ಶಾಲೆಯಲ್ಲಿ ತಪ್ಪು ಉತ್ತರ ಕೇಳಿದಾಗ ಹೀಗೇ ಏಳುತ್ತಿದ್ದರೋ ಏನೋ.

"ಬರೀಬೇಡಿ," ಅಂದರು. "ನಾಯ್ಸ್ ಬರೀರಿ, ನಾನು ಸಹಿ ಹಾಕ್ತೇನೆ. ಡಿನ್ ಬರೀರಿ, ರ‍್ಯಾಕೆಟ್ ಬರೀರಿ, ಕೆಕಾಫನಿ ಅಂತಲೇ ಬೇಕಾದರೂ ಬರೀರಿ. ಅದೊಂದು ಬರೀಬೇಡಿ. ಇಷ್ಟು ವರ್ಷದಿಂದ ಈ ಗೋಡೆಯ ಆಚೆ ಕೂತಿದ್ದೇನೆ. ಇವರ ಒಂದು ಮಾತೂ ನನ್ನ ಕಿವಿ ತಪ್ಪಿಸಿ ಹೋಗಿಲ್ಲ, ಹೋಗಬೇಕು ಅಂತ ಎಷ್ಟು ಆಸೆಪಟ್ಟರೂ ಹೋಗಿಲ್ಲ. ಈ ಮನುಷ್ಯ ಹೆಂಡತಿಗೆ ಒಂದು ಕೆಟ್ಟ ಮಾತು ಹೇಳಿದ್ದು ನಾನು ಕೇಳಿಲ್ಲ. ಆ ಹೆಂಗಸು ಮಕ್ಕಳನ್ನು ಶಪಿಸಿದ್ದು ಕೇಳಿಲ್ಲ. ಈಗ ನಡೆದದ್ದು ನಿಮಗೆ ಮೀನು ಹುರಿಯುವುದಾ ಗಸಿ ಮಾಡುವುದಾ ಅಂತ. ಎರಡೂ ಅಂತ ತೀರ್ಮಾನ ಆಯಿತು. ಇದಕ್ಕೆ ಡಿಸ್ಕಾರ್ಡ್ ಅಂದರೆ ಸುಳ್ಳಾಗ್ತದೆ."

ಸಾಹೇಬರು ಪೆನ್ನಿನ ಮುಚ್ಚಳ ಹಾಕಿದರು. ಆಮೇಲೆ ಇಬ್ಬರನ್ನೂ ಕೂರಿಸಿ ಒಂದು ಒಪ್ಪಂದ ಮಾಡಿಸಿದರು. ಬೆಳಕು ಹರಿಯುವಾಗ ಶುರು ಮಾಡುವುದಿಲ್ಲ, ಮಧ್ಯಾಹ್ನ ಊಟ ಆದ ಮೇಲೆ ಇಳಿಹೊತ್ತಿನ ಅಸರ್ ಬಾಂಗಿನ ತನಕ ಸುತ್ತಿಗೆ ಎತ್ತುವುದಿಲ್ಲ, ಮಾಸ್ಟ್ರಿಗೆ ಆ ಹೊತ್ತು ಓದಲಿಕ್ಕೆ, ಮಲಗಲಿಕ್ಕೆ. ಶೆಡ್ಡು ಇರಲಿ. ಮೂವರೂ ಸೇರಿ ಅಂಜಲ್ ಊಟ ಮಾಡಿದರು. ಸಾಹೇಬರಿಗೆ ಮುಳ್ಳು ಬಿಡಿಸಿ ಕೊಟ್ಟವರು ಮಾಸ್ಟ್ರು.

ಮಾಸ್ಟ್ರು ತೀರಿಕೊಂಡಾಗ ಅವರ ಬೊಜ್ಜದ, ಅಂದರೆ ಉತ್ತರಕ್ರಿಯೆಯ ಊಟ ಮುಗಿಯುವ ತನಕ ಬಾಪ ಶೆಡ್ಡಿನ ಬಾಗಿಲು ತೆಗೆಯಲಿಲ್ಲ. ಯಾರೂ ಹೇಳಿರಲಿಲ್ಲ. ಅದು ಮುಗಿದ ಮರುದಿನ ಮತ್ತೆ ಬಡಿದರು, ಆದರೆ ಊಟದ ನಂತರ ಅಸರ್ ತನಕ ಸುಮ್ಮನಿರುವ ಕ್ರಮ ಬಿಡಲಿಲ್ಲ. ಆಚೆ ಜಗಲಿ ಖಾಲಿ ಇತ್ತು, ಆದರೂ ಬಿಡಲಿಲ್ಲ. ಆಮೇಲೆ ಪ್ಲಾಸ್ಟಿಕ್ಕಿನ ಡ್ರಮ್ಮು ಬಂತು, ಪ್ಲಾಸ್ಟಿಕ್ಕಿನ ಮೀನಿನ ಪೆಟ್ಟಿಗೆ ಬಂತು. ನಾನು ಮದುವೆಯಾಗಿ ದೇರೆಬೈಲಿಗೆ ಬಂದೆ. ಬಾಪನ ಕಿವಿ ಪೂರ್ತಿ ಹೋಯಿತು. ಅವರ ಕೊನೆಯ ಬೆಳಿಗ್ಗೆ ಉಸ್ತಾದರು ಕಲಿಮಾ ಹೇಳಿಕೊಡಲಿಕ್ಕೆ ಕೂತರು. ಹೋಗುವವರಿಗೆ ಮೆಲ್ಲಗೆ, ನಯವಾಗಿ ಹೇಳಬೇಕು ಅಂತ ಕ್ರಮ, ಅವರು ಹಾಗೆಯೇ ಹೇಳಿದರು. ಬಾಪನ ತುಟಿ ಅಲ್ಲಾಡಲಿಲ್ಲ. ಉಮ್ಮ ತಲೆಯ ಬಟ್ಟೆ ಎಳೆದುಕೊಂಡು ಹತ್ತಿರ ಬಂದು, ಅಡಿಗೆಮನೆಯಿಂದ ಊಟಕ್ಕೆ ಕರೆಯುತ್ತಿದ್ದ ಅದೇ ಸ್ವರದಲ್ಲಿ ಕಲಿಮಾ ಹೇಳಿದಳು. ಮಾಡಿನ ಹಂಚಿಗೂ ಕೇಳಿತು. ಬಾಪನ ತುಟಿ ಅಲ್ಲಾಡಿತು, ಮಾತೂ ಬಂತು. ಅಷ್ಟು ಗಟ್ಟಿ ಸ್ವರ ಇರುವ ಹೆಂಡತಿಯನ್ನು ಅಲ್ಲಾಹು ಅವರಿಗೆ ಕೊಟ್ಟಿದ್ದ. ನಾನು ದಿನಾ ಎಣಿಸುವ ರಹ್ಮತ್ತುಗಳಲ್ಲಿ ಇದು ಮೊದಲನೆಯದ್ದು.

ಇಷ್ಟನ್ನೂ ನಾನು ನಸೀಮಾಳಿಗೆ ಹೇಳಿದೆ. ಅವಳು ಪೂರ್ತಿ ಕೇಳಿದಳು. ಆದಿತ್ಯವಾರ ಕಾರು ತೆಗೆದು ನನ್ನನ್ನು ಬೈಕಂಪಾಡಿಗೆ ಕರೆದುಕೊಂಡು ಹೋದಳು. ಉಮ್ಮ ಹೋಗಿ, ಅಕ್ಕನೂ ಹೋಗಿ, ಜಾಗ ಮಾರಿದ ಮೇಲೆ ನಾನು ಆ ಕಡೆ ಹೋಗಿರಲಿಲ್ಲ. ನಮ್ಮ ಮನೆ, ಮಾಸ್ಟ್ರ ಮನೆ ಎರಡೂ ಸೇರಿ ಈಗ ಒಂದೇ ದೊಡ್ಡ ಗೋದಾಮು. ಎರಡು ಮನೆಯ ನಡುವಿನ ಗೋಡೆ ಎಲ್ಲಿತ್ತು ಅಂತ ಕೂಡ ಗೊತ್ತಾಗುವುದಿಲ್ಲ. ಒಳಗೆ ರಟ್ಟಿನ ಪೆಟ್ಟಿಗೆಗಳು, ಸದ್ದು ಮಾಡದ ಬ್ಯಾಟರಿ ಗಾಡಿ, ಕಿವಿಗೆ ವೈರು ಸಿಕ್ಕಿಸಿಕೊಂಡು ಓಡಾಡುವ ಹುಡುಗರು. ಗೇಟಿನ ಕಾವಲುಗಾರ ಬಂದು, "ಎಂತ ಆಗ್ಬೇಕಿತ್ತು ಅಮ್ಮ?" ಅಂತ ಕೇಳಿದ.

"ಇಲ್ಲಿ ನಮ್ಮ ಮನೆ ಇತ್ತು," ಅಂದೆ.

ಒಳಗಿನ ಹುಡುಗರು ತಿರುಗಿ ನೋಡಿದರು. ನಸೀಮಾ ನನ್ನ ಕೈ ಹಿಡಿದು, "ಉಮ್ಮ, ಮೆಲ್ಲ," ಅಂದಳು. ಮೆಲ್ಲ ಹೇಳಿ ಯಾರಿಗೆ ಕೇಳಬೇಕು? ನಾನು ನಮ್ಮ ಮನೆಯ ಸ್ವರದಲ್ಲೇ ಹೇಳುತ್ತಾ ಹೋದೆ. ಆ ಲಾರಿ ನಿಂತಲ್ಲಿ ಬಾವಿ. ಅದರ ಎಡಕ್ಕೆ ಅಡಿಗೆಮನೆ, ಕಿಟಕಿ ಪಡುವಣಕ್ಕೆ. ಆ ಕಂಬದ ಹತ್ತಿರ ಮಾಸ್ಟ್ರ ಜಗಲಿ. ಕಾವಲುಗಾರ ಬೇಡ ಅನ್ನಲಿಲ್ಲ, ಪಾಪ, ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ನಸೀಮಾ ನನ್ನ ಕೈ ಬಿಟ್ಟಳು. ಎರಡು ಹೆಜ್ಜೆ ಮುಂದೆ ಹೋಗಿ, ನಾನು ನೋಡುತ್ತಿದ್ದ ಕಡೆಯನ್ನೇ ನೋಡಿ, ಆಮೇಲೆ ಕೇಳಿದಳು. ಬ್ಯಾಂಕಿನ ಕೌಂಟರಿನಲ್ಲಿ ಮಾತಾಡುವ ಸ್ವರದಲ್ಲಿ ಅಲ್ಲ.

"ಅಜ್ಜನ ಶೆಡ್ಡು ಎಲ್ಲಿತ್ತು ಉಮ್ಮ?"

ಅವಳ ಮಾತು ಗೋದಾಮಿನ ಆ ತುದಿಯವರೆಗೆ ಹೋಯಿತು. ನಾನು ಕೈ ಎತ್ತಿ ತೋರಿಸಿದೆ. ಅಲ್ಲಿ ಒಂದು ಬಿಳಿ ಗೋಡೆ ಇತ್ತು, ಗೋಡೆಯ ಮೇಲೆ ಬಿಸಿಲು ಇತ್ತು.